ಮೂವತ್ತು ಸೆಕೆಂಡಿನ ಹೆಂಡತಿ

ಕನ್ನಡದ ರೇಡಿಯೊ, ಟಿ.ವಿ. ಜಾಹೀರಾತುಗಳಿಗೆ ನಾನು ಬಹಳ ವರ್ಷ ಹೆಂಡತಿಯ ದನಿ ಕೊಟ್ಟವಳು. ಮಾರಬೇಕಾದ ಸರಕು ಬದಲಾಗುತ್ತಿತ್ತು. ಇವತ್ತು ಬಟ್ಟೆ ಸೋಪು, ನಾಳೆ ಸಿಮೆಂಟು, ನಾಡಿದ್ದು ಚೀಟಿ ಕಂಪನಿ. ಹೆಂಡತಿ ಮಾತ್ರ ಬದಲಾಗುತ್ತಿರಲಿಲ್ಲ. ಅವಳಿಗೆ ಸೀರೆಯ ಹುಚ್ಚು, ಲೆಕ್ಕ ಬಾರದು, ಗಂಡನ ಜೇಬು ತಡಕುತ್ತಾಳೆ, ಸ್ಕೂಟರ್ ಕಲಿಯಲು ಹೋಗಿ ಕಾಂಪೌಂಡಿಗೆ ಗುದ್ದುತ್ತಾಳೆ, ತವರಿಗೆ ಹೊರಟರೆ ಗಂಡ ಕುಣಿದಾಡುತ್ತಾನೆ. ಇವಳನ್ನು ನಾನು ಹತ್ತಿರದಿಂದ ಬಲ್ಲೆ. ಅವಳ ಉಸಿರು ಎಲ್ಲಿ ನಿಲ್ಲಬೇಕು, ದನಿ ಎಲ್ಲಿ ಏರಬೇಕು ಎಂಬುದೆಲ್ಲ ನನ್ನ ಗಂಟಲಿಗೆ ಇವತ್ತಿಗೂ ಬಾಯಿಪಾಠ. ಅವಳ ಪರವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಅನಿಸುತ್ತಿತ್ತು.

ನಾನು ಅರಸೀಕೆರೆ ಕಡೆಯವಳು. ಬಿ.ಎ. ಮುಗಿಸಿ ಬೆಂಗಳೂರಿಗೆ ಬಂದಾಗ ಹವ್ಯಾಸಿ ನಾಟಕ ತಂಡದ ಗೆಳೆಯರು ಡಬ್ಬಿಂಗ್ ಸ್ಟುಡಿಯೊಗೆ ಕರೆದೊಯ್ದರು. ಹೊರಗಿನಿಂದ ಬಂದ ನಾಯಕಿಯರಿಗೆ ಕನ್ನಡದ ದನಿ ಬೇಕಿತ್ತು. ಆದರೆ ಅದು ಪಳಗಿದ ಕಲಾವಿದೆಯರ ಪಾಲು. ನಮ್ಮಂಥ ಹೊಸಬರಿಗೆ ನಾಯಕಿಯ ಗೆಳತಿ, ಆಸ್ಪತ್ರೆಯ ನರ್ಸು, ಜಾತ್ರೆಯ ಗುಂಪು. ಅದರಲ್ಲಿ ಮನೆ ಬಾಡಿಗೆ ಹುಟ್ಟುತ್ತಿರಲಿಲ್ಲ, ಜಾಹೀರಾತಿನಲ್ಲಿ ಹುಟ್ಟುತ್ತಿತ್ತು.

ಆ ದಿನಗಳ ಒಂದು ವಿಚಾರ ನನ್ನನ್ನು ಈಗಲೂ ಕಾಡುತ್ತದೆ. ಪರಭಾಷೆಯ ಸಿನಿಮಾ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂದು ನಮ್ಮ ಚಿತ್ರರಂಗ ದಶಕಗಳ ಕಾಲ ಪಟ್ಟು ಹಿಡಿದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸರಿಯಲ್ಲವೆಂದು ಆದೇಶ ಕೊಟ್ಟ ಮೇಲೆಯೇ ಅದು ಸಡಿಲವಾಯಿತು. ಜಾಹೀರಾತಿಗೆ ಮಾತ್ರ ಅಂಥ ತಡೆ ಇರಲಿಲ್ಲ. ಮುಂಬೈಯಲ್ಲಿ ಹಿಂದಿಯಲ್ಲಿ ತಯಾರಾದ ಗಂಡ ಹೆಂಡತಿ ನಮ್ಮ ಸ್ಟುಡಿಯೊಗೆ ಬಂದು, ಅರ್ಧ ದಿನದಲ್ಲಿ ಕನ್ನಡ ಕಲಿತು, ರಾಯಚೂರು ಮಂಗಳೂರಿನ ನಡುಮನೆಗಳಿಗೆ ಹೊರಟುಬಿಡುತ್ತಿದ್ದರು. ಮೂರು ಗಂಟೆಯ ಸಿನಿಮಾ ನಮ್ಮ ಸಂಸ್ಕೃತಿಯನ್ನು ಕೆಡಿಸುತ್ತದೆಂದು ಬೀದಿಗಿಳಿದವರಿದ್ದರು. ದಿನಕ್ಕೆ ಹತ್ತಾರು ಸಲ ಮನೆಯೊಳಗೆ ಬಂದು ಮನೆಯೊಡತಿಯನ್ನು ಪೆದ್ದಿ ಎಂದು ಹೇಳಿ ಹೋಗುವ ಮೂವತ್ತು ಸೆಕೆಂಡಿನ ಬಗ್ಗೆ ಯಾರೂ ಸೊಲ್ಲೆತ್ತಿದ್ದು ನನಗೆ ನೆನಪಿಲ್ಲ. ಈ ನಡುವೆ ದೇಶದ ಮೊದಲ ಖಾಸಗಿ ಎಫ್.ಎಂ. ಬಾನುಲಿ 2001ರ ಜುಲೈನಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಅಲ್ಲಿಂದಾಚೆಗೆ ಮುಂಬೈಗಾಗಿ ಕಾಯಬೇಕಾಗಲಿಲ್ಲ. ಚಿಕ್ಕಪೇಟೆಯ ಅಂಗಡಿಯವರೂ ತಮ್ಮದೇ ಗಂಡ ಹೆಂಡತಿಯನ್ನು ಬರೆಸತೊಡಗಿದರು.

ಧ್ವನಿಮುದ್ರಣದ ಕೋಣೆಯಲ್ಲಿ ಮೈಕಿನ ಮುಂದೆ ನಾವು. ಗಾಜಿನಾಚೆ ಎಂಜಿನಿಯರ್, ಅವನ ಹಿಂದಿನ ಸೋಫಾದಲ್ಲಿ ಏಜೆನ್ಸಿಯವರು, ಕಂಪನಿಯವರು. ಅವರೆಲ್ಲ ಹೆಚ್ಚುಕಡಿಮೆ ಗಂಡಸರೇ. ಅವರು ಗುಂಡಿ ಒತ್ತಿದಾಗ ಮಾತ್ರ ಅವರ ಮಾತು ನಮ್ಮ ಹೆಡ್‌ಫೋನಿಗೆ ಬರುತ್ತದೆ. ಉಳಿದ ಹೊತ್ತು ಅವರು ನಗುವುದು ಕಾಣುತ್ತದೆ, ಕೇಳಿಸುವುದಿಲ್ಲ. ಒಂದು ಟೇಕ್ ಆದ ಮೇಲೆ ಗುಂಡಿ ಒತ್ತಿ ಹೇಳುತ್ತಿದ್ದರು: “ಮೇಡಂ, ಸೂಪರ್. ಆದ್ರೆ ಇನ್ನೂ ಸ್ವಲ್ಪ ಪೆದ್ದಿ ಥರ ಹೇಳಿ. ಅವಳನ್ನ ಆಡಿಕೊಳ್ತಿದಾರೆ ಅಂತ ಅವಳಿಗೇ ಗೊತ್ತಾಗ್ಬಾರ್ದು.”

ಆ ಕೊನೆಯ ಮಾತು ಎಷ್ಟೋ ಸ್ಟುಡಿಯೊಗಳಲ್ಲಿ ಎಷ್ಟೋ ಬಾಯಿಂದ ಕೇಳಿದ್ದೇನೆ. ಅವಳಿಗೇ ಗೊತ್ತಾಗಬಾರದು.

ಮೂವತ್ತು ಸೆಕೆಂಡಿನಲ್ಲಿ ಕನ್ನಡದ ಅರವತ್ತು, ಅರವತ್ತೈದು ಪದ ಹಿಡಿಸುತ್ತವೆ. ಕೊನೆಯ ಐದಾರು ಸೆಕೆಂಡು ಕಂಪನಿಯ ಹೆಸರಿಗೆ, ಫೋನ್ ನಂಬರಿಗೆ ಮೀಸಲು. ಉಳಿದದ್ದರಲ್ಲಿ ಹೆಂಡತಿ ಏನೋ ಅನ್ನುತ್ತಾಳೆ, ಗಂಡ ಅದಕ್ಕೊಂದು ಮಾತು ಎಸೆಯುತ್ತಾನೆ, ಹಿಂದಿನಿಂದ ನಗೆಯ ಸದ್ದು, ತಕ್ಷಣ ಕಂಪನಿಯ ಹೆಸರು. ಹಾಳೆ ಕೈಗೆ ಬಂದ ಕೂಡಲೇ ನಾನು ಕೊನೆಯ ಸಾಲು ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಕೊನೆಯ ಸಾಲು ಯಾವಾಗಲೂ ಗಂಡನದು. ಅವನ ಮಾತಿನ ಮೇಲೆ ನಗೆ ಬೀಳುತ್ತದೆ, ನಗೆಯ ಮೇಲೆ ಕಂಪನಿಯ ಹೆಸರು ಬೀಳುತ್ತದೆ. ಅವಳು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವ ಹೊತ್ತಿಗೆ ಜಾಹೀರಾತು ಮುಗಿದಿರುತ್ತದೆ. ಅವಮಾನ ಇರುವುದು ಪೆದ್ದಿ ಎಂದು ಕರೆದದ್ದರಲ್ಲಿ ಮಾತ್ರ ಅಲ್ಲ. ತಿರುಗಿ ಹೇಳುವ ಸರದಿಯನ್ನೇ ಅವಳಿಂದ ಕಿತ್ತುಕೊಂಡದ್ದರಲ್ಲಿದೆ.

ಇದು ನನಗೆ ಬೇಗ ಹೊಳೆದದ್ದಕ್ಕೆ ನಮ್ಮೂರಿನ ಮದುವೆಗಳು ಕಾರಣ. ನಾನು ಚಿಕ್ಕವಳಿದ್ದಾಗ ಮದುವೆಮನೆಯಲ್ಲಿ ಬೀಗರನ್ನು ಜರೆಯುವ ಹಾಡುಗಳಿದ್ದವು. ಹೆಣ್ಣಿನ ಕಡೆಯ ಹೆಂಗಸರು ಗುಂಪುಗೂಡಿ ಗಂಡಿನ ತಾಯಿಯ ನಡಿಗೆ, ಅಪ್ಪನ ಹೊಟ್ಟೆ, ತಂದ ಸೀರೆಯ ಬಣ್ಣ, ವರನ ಸೋದರಮಾವನ ಜಿಪುಣತನ, ಒಂದನ್ನೂ ಬಿಡದೆ ಹಾಡಿನಲ್ಲಿ ಎಳೆದಾಡುತ್ತಿದ್ದರು. ನಮ್ಮ ಸೋದರತ್ತೆ ಅದರಲ್ಲಿ ಎತ್ತಿದ ಕೈ. ಬೀಗಿತ್ತಿ ಎದುರಿಗೆ ಕೂತಿರುವಾಗಲೇ ಅವಳ ಮೂಗುತಿಯ ಮೇಲೆ ಹೊಸ ಸಾಲು ಕಟ್ಟಿಬಿಡುತ್ತಿದ್ದರು. ಚಪ್ಪರದ ಕೆಳಗೆ ನಗೆ ಅಲೆಅಲೆಯಾಗಿ ಏಳುತ್ತಿತ್ತು. ಮಾತುಗಳು ಮೃದುವಾಗೇನೂ ಇರುತ್ತಿರಲಿಲ್ಲ. ಈಗಿನವರು ಕೇಳಿದರೆ ಬೆಚ್ಚಿಬೀಳಬಹುದು.

ಆದರೆ ಆ ಆಟಕ್ಕೊಂದು ಕಟ್ಟಳೆ ಇತ್ತು. ಒಂದು ಕಡೆಯವರು ಹಾಡಿದರೆ ಇನ್ನೊಂದು ಕಡೆಯವರು ಉತ್ತರ ಕಟ್ಟಬೇಕು. ಬೀಗಿತ್ತಿ ಮೂಗುತಿಯ ಮಾತಿಗೆ ನಮ್ಮತ್ತೆಯ ಗೂರಲು ಕೆಮ್ಮನ್ನು ಎಳೆತಂದು ಹಾಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮತ್ತೆಯೇ. ಒಂದು ಮದುವೆಯಲ್ಲಿ ಗಂಡಿನ ಕಡೆ ಹಾಡುವವರೇ ಬಂದಿರಲಿಲ್ಲ. ಬಂದಿದ್ದ ಮೂರು ನಾಲ್ಕು ಹೆಂಗಸರು ಹಾಡು ಬಾರದೆ ತಲೆತಗ್ಗಿಸಿ ಕೂತಿದ್ದರು. ನಮ್ಮವರು ಎರಡು ಹಾಡು ಮುಗಿಸಿ ಮೂರನೆಯದಕ್ಕೆ ದನಿ ಎತ್ತಿದಾಗ ಅತ್ತೆ ಗದರಿದರು: “ಸುಮ್ಕಿರ್ರೇ. ಬಾಯಿಲ್ದೋರ್ ಮೇಲೆ ಹಾಡಿದ್ರೆ ಅದು ಹಾಡಲ್ಲ, ಬೈಗುಳ.” ಅಷ್ಟು ಹರಿತ ನಾಲಗೆಯ ಅತ್ತೆ ಇನ್ನು ಕೆಲವನ್ನು ಎಂದೂ ಮುಟ್ಟುತ್ತಿರಲಿಲ್ಲ. ಮಕ್ಕಳಾಗದ ಹೆಣ್ಣು ಎದುರಿಗಿದ್ದರೆ ಮಕ್ಕಳ ಮಾತಿಲ್ಲ. ಗಂಡ ಸತ್ತವಳು ಇದ್ದರೆ ಕುಂಕುಮ ಬಳೆಯ ಮಾತಿಲ್ಲ. ಓದು ಬರಹ ಬಾರದ ಆಕೆಗೆ ಹಾಸ್ಯದ ಬಗ್ಗೆ ಗೊತ್ತಿದ್ದದ್ದು ನಾನು ಮುಂದೆ ಕಂಡ ಎಷ್ಟೋ ಏಜೆನ್ಸಿಗಳಿಗೆ ಗೊತ್ತಿರಲಿಲ್ಲ.

ಹಾಗಾಗಿ “ನಿಮಗೆ ತಮಾಷೆ ಅರ್ಥವಾಗಲ್ಲ” ಎಂದು ಯಾರಾದರೂ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಈ ಮಾತನ್ನು ತಕರಾರು ತೆಗೆದ ಪ್ರತಿಯೊಬ್ಬ ಹೆಂಗಸಿನ ಮೇಲೂ ಎಸೆಯುತ್ತಾರೆ. ರಾ.ಶಿ.ಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’ಯಲ್ಲೇ ಟಿ. ಸುನಂದಮ್ಮನವರು ನಗೆಬರಹ ಬರೆದರು. ಮನೆಯನ್ನು ಮನೆಯೊಳಗಿನ ಹೆಣ್ಣಿನ ಕಣ್ಣಿಂದ ನೋಡಿ, ಗಂಡ ಹೆಂಡತಿ ನೆಂಟರು ನೆರೆಯವರು ಎಲ್ಲರನ್ನೂ ನಗೆಗೆ ಎಳೆದುತಂದರು. ನಮ್ಮ ತಾಯಿ ಅವರ ಬರಹಗಳನ್ನು ನೆರೆಮನೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದದ್ದು ನನಗೆ ನೆನಪಿದೆ. ಕನ್ನಡದ ಹೆಂಗಸರಿಗೆ ನಗಲು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ನಾನು ಒಲ್ಲೆನೆಂದು ಎದ್ದು ಬಂದ ಹಾಳೆ ಒಂದು ನೋವಿನ ಮುಲಾಮಿನದು. ಕೌಟುಂಬಿಕ ದೌರ್ಜನ್ಯ ತಡೆಯುವ ಕಾಯ್ದೆ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಾಳೆಯಲ್ಲಿ ಡಾಕ್ಟರು ಗಂಡನನ್ನು ಕೇಳುತ್ತಾರೆ, ಕೈ ಯಾಕೆ ಇಷ್ಟು ನೋಯುತ್ತಿದೆ ಎಂದು. ಹೆಂಡತಿ ನುಲಿಯುತ್ತ ಹೇಳಬೇಕು: “ದಿನಾ ನನಗೆ ಬುದ್ಧಿ ಕಲಿಸಿ ಕಲಿಸಿ, ಡಾಕ್ಟ್ರೇ.” ಗಂಡ: “ಒಂದು ಡಬ್ಬಿ ಸಾಲಲ್ಲ, ಎರಡು ಕೊಡಿ.” ನಗೆ. ಕಂಪನಿಯ ಹೆಸರು.

ನಾನು ಮೈಕಿನ ಮುಂದೆ ಹೋಗದೆ ಗಾಜಿನಾಚೆ ಬಂದು ಇದನ್ನು ಹೇಳಲಾರೆ ಅಂದೆ. ಕಂಪನಿಯವರು ಸಮಾಧಾನದಿಂದಲೇ ಮಾತಾಡಿದರು. “ಮೇಡಂ, ಇದು ಬರೀ ತಮಾಷೆ. ತಮಾಷೆ ಯಾರಿಗೂ ಚುಚ್ಚಲ್ಲ.” ಹಾಗಾದರೆ ಅವಳಿಗೂ ಒಂದು ಸಾಲು ಕೊಡಿ ಎಂದು ಕೇಳಿದೆ. ಗಂಡ ಎರಡು ಡಬ್ಬಿ ಕೇಳಿದ ಮೇಲೆ ಅವಳು ಹೇಳಲಿ: “ಎರಡೂ ನನಗೇ ಕೊಡಿ ಡಾಕ್ಟ್ರೇ. ಇವರಿಗೆ ಬೇಕಾಗಿರೋದು ಪೊಲೀಸ್ ಸ್ಟೇಷನ್ನಿನ ಅಡ್ರೆಸ್ಸು.” ಎಂಜಿನಿಯರ್ ಹುಡುಗ ಗಟ್ಟಿಯಾಗಿ ನಕ್ಕುಬಿಟ್ಟ. ಏಜೆನ್ಸಿಯ ಬರಹಗಾರನೂ ನಕ್ಕ. ಆ ಕೋಣೆಯಲ್ಲಿ ಆ ದಿನ ನಿಜವಾಗಿ ಬಿದ್ದ ನಗೆ ಅದೊಂದೇ. ಕಂಪನಿಯವರು ಮಾತ್ರ ನಗಲಿಲ್ಲ. “ಬೇಡ. ನಮ್ಮ ಮುಲಾಮು ಕೊಳ್ಳೋರೆಲ್ಲ ಗಂಡಸರು. ಅವರಿಗೆ ಚುಚ್ಚತ್ತೆ” ಅಂದರು.

ಬೇರೊಬ್ಬರ ದನಿಯಲ್ಲಿ ಅದು ಹೊರಬಂತು. ಕೆಲವು ವಾರಗಳ ಮೇಲೆ ತುಮಕೂರಿನಿಂದ ಊರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕೂತಿದ್ದೆ. ಡ್ರೈವರ್ ಹಾಕಿದ್ದ ರೇಡಿಯೊದಲ್ಲಿ ಮುಲಾಮು ಬಂತು, ಹೋಯಿತು. ಮುಂದಿನ ಸೀಟಿನ ಹೆಂಗಸು ಕಂಡಕ್ಟರನ ಹತ್ತಿರ ಬಾಕಿ ಚಿಲ್ಲರೆಗಾಗಿ ಜಗಳ ತೆಗೆದಿದ್ದರು. ನ್ಯಾಯದ ಜಗಳ, ಟಿಕೆಟ್ಟಿನ ಹಿಂದೆ ಅವನೇ ಬರೆದುಕೊಟ್ಟಿದ್ದ ಬಾಕಿ. ಅವನು ಇಡೀ ಬಸ್ಸಿಗೆ ಕೇಳಿಸುವಂತೆ, “ನಿಮ್ಮೆಜಮಾನ್ರು ಮನೇಲಿ ಎರಡು ಡಬ್ಬಿ ಇಟ್ಕೊಂಡಿರ್ಬೇಕು ಬಿಡಿ” ಅಂದ. ಬಸ್ಸು ಗೊಳ್ಳೆಂದಿತು. ಆಕೆ ಚಿಲ್ಲರೆ ಕೇಳುವುದನ್ನು ನಿಲ್ಲಿಸಿದರು.

ಜಾಹೀರಾತಿನ ಹಾಸ್ಯ ರೇಡಿಯೊದಲ್ಲಿ ಮುಗಿಯುತ್ತದೆಂದು ನಂಬಿದವರಿಗೆ ನಾನು ಈ ಬಸ್ಸಿನ ಕಥೆ ಹೇಳುತ್ತೇನೆ. ಸಿನಿಮಾದ ಜೋಕನ್ನು ಜನ ಒಂದು ಸಲ ಕೇಳುತ್ತಾರೆ. ಜಾಹೀರಾತಿನದು ತಿಂಗಳಾನುಗಟ್ಟಲೆ, ದಿನಕ್ಕೆ ಹಲವು ಸಲ. ಕಂಪನಿ ದುಡ್ಡು ಕೊಟ್ಟು ಅದನ್ನು ಊರಿನ ಬಾಯಿಗೆ ಹಾಕುತ್ತದೆ. ಹೆಂಗಸರ ಬಾಯಿ ಮುಚ್ಚಿಸಬೇಕಾದವನಿಗೆ ಒಂದು ಸಾಲು ಸಿದ್ಧವಾಗಿ ಸಿಗುತ್ತದೆ.

ಆ ಬಸ್ಸಿನ ಕಾಲಕ್ಕೇ, 2007ರಲ್ಲಿ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಂದು ಜಾಹೀರಾತನ್ನು ನಿಷೇಧಿಸಿ ಸುದ್ದಿಯಾಯಿತು. ಅಮೂಲ್ ಮಾಚೋ ಒಳಉಡುಪಿನದು. ಹೊಸದಾಗಿ ಮದುವೆಯಾದವಳು ಹೊಳೆಯ ದಂಡೆಯಲ್ಲಿ ಗಂಡನ ಚಡ್ಡಿ ಒಗೆಯುತ್ತ ವಯ್ಯಾರ ಮಾಡುವ ಚಿತ್ರ. ಮರುವರ್ಷ ಆಕ್ಸ್ ಸುಗಂಧದ್ರವ್ಯದ ಚಾಕೊಲೇಟ್ ಮನುಷ್ಯ ನಿಷೇಧವಾದ. 2011ರಲ್ಲಿ ಹಲವು ಡಿಯೋಡರೆಂಟ್ ಜಾಹೀರಾತುಗಳ ಮೇಲೆ ಸಚಿವಾಲಯದ ಕಣ್ಣು ಬಿತ್ತು. ಪ್ರತಿ ಸಲವೂ ಕಾರಣ ಒಂದೇ, ಅಶ್ಲೀಲ. ಹೊಳೆದಂಡೆಯ ಆ ಹೆಣ್ಣಿನಿಂದ ನನಗೇನೂ ನೋವಾಗಿರಲಿಲ್ಲ. ಅವಳು ತನ್ನ ಖುಷಿಗೆ ತಾನು ಕುಣಿದವಳು. ಮೈತುಂಬ ಸೆರಗು ಹೊದ್ದು, ಹಣೆಗೆ ಕುಂಕುಮವಿಟ್ಟು, ಹೊಡೆತ ತಿಂದು ನುಲಿಯುವ ಮುಲಾಮಿನ ಹೆಂಡತಿ ಯಾವ ಅಧಿಕಾರಿಯ ಕಣ್ಣಿಗೂ ಬೀಳಲಿಲ್ಲ.

ಕಾನೂನೇ ಇಲ್ಲವೆಂದಲ್ಲ. ಮಹಿಳೆಯರ ಅಸಭ್ಯ ನಿರೂಪಣೆ ತಡೆಯುವ ಕಾಯ್ದೆ 1986ರಿಂದ ಇದೆ. ಆದರೆ ಅದು ಹಿಡಿಯುವುದು ಹೆಣ್ಣಿನ ಆಕೃತಿ, ಮೈಯನ್ನು ಹೀನಾಯವಾಗಿ ತೋರಿಸುವುದನ್ನು. ರೇಡಿಯೊದಲ್ಲಿ ಮೈಯೇ ಇಲ್ಲ. ಕೇಬಲ್ ಟಿ.ವಿ.ಯ 1994ರ ನಿಯಮಗಳು ಇನ್ನೂ ಮುಂದೆ ಹೋಗಿವೆ. ಜಾಹೀರಾತಿನಲ್ಲಿ ಹೆಣ್ಣನ್ನು ಅಧೀನಳಾಗಿ ತೋರಿಸಿ ಕುಟುಂಬದಲ್ಲೂ ಸಮಾಜದಲ್ಲೂ ಎರಡನೇ ದರ್ಜೆಯ ಪಾತ್ರಕ್ಕೆ ತಳ್ಳಬಾರದೆಂದು ಅವು ಸ್ಪಷ್ಟವಾಗಿಯೇ ಹೇಳುತ್ತವೆ. ಅದನ್ನು ಮೊದಲ ಸಲ ಓದಿದಾಗ ನಾನು ಎದ್ದು ಕೂತೆ. ಇದನ್ನು ಅಕ್ಷರಶಃ ಜಾರಿ ಮಾಡಿದರೆ ನಾನು ದನಿ ಕೊಟ್ಟ ಅರ್ಧಕ್ಕರ್ಧ ಟಿ.ವಿ. ಜಾಹೀರಾತುಗಳು ಪ್ರಸಾರವೇ ಆಗಬಾರದಿತ್ತು.

ಹೆಣ್ಣನ್ನು ಅಳಿಸುವ ಜಾಹೀರಾತನ್ನು ಹಿಡಿಯುವುದು ಅಷ್ಟು ಕಷ್ಟವಲ್ಲವೆಂದು 2003ರಲ್ಲಿ ತಿಳಿಯಿತು. ಮಗನಿಲ್ಲದ್ದಕ್ಕೆ ಕೊರಗುವ ಅಪ್ಪ, ಬಣ್ಣ ಬೆಳ್ಳಗಾಗಿಸಿಕೊಂಡು ವಿಮಾನದ ಕೆಲಸ ಹಿಡಿಯುವ ಕಪ್ಪು ಮಗಳು: ಆ ಫೇರ್ ಅಂಡ್ ಲವ್ಲಿ ಜಾಹೀರಾತಿನ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಹೋರಾಡಿತು, ಕಂಪನಿ ಅದನ್ನು ಹಿಂತೆಗೆಯಿತು. ಕಣ್ಣೀರಿನಲ್ಲಿ ಬಂದ ಅವಮಾನ ಎಲ್ಲರಿಗೂ ಅವಮಾನವಾಗಿ ಕಾಣುತ್ತದೆ. ಅದೇ ಅವಮಾನ ನಗೆಯಲ್ಲಿ ಬಂದರೆ ಮೊದಲು ಅದು ಅವಮಾನವೆಂದು ವಾದಿಸಿ ಒಪ್ಪಿಸಬೇಕು. ಒಪ್ಪಿಸುವ ಹೊತ್ತಿಗೆ ಜಾಹೀರಾತಿನ ಅವಧಿ ಮುಗಿದು, ಗೋಡೌನಿನ ಸರಕೂ ಖಾಲಿಯಾಗಿರುತ್ತದೆ.

ನಗೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು 2013ರ ಮಾರ್ಚ್ ತೋರಿಸಿತು. ದೆಹಲಿಯ ಬಸ್ಸಿನಲ್ಲಿ ಯುವತಿಯ ಮೇಲೆ ಆ ಸಾಮೂಹಿಕ ಅತ್ಯಾಚಾರ ನಡೆದು ಮೂರು ತಿಂಗಳಾಗಿತ್ತಷ್ಟೆ. ಅತ್ಯಾಚಾರದ ಕಾನೂನನ್ನು ಬಿಗಿಗೊಳಿಸುವ ಮಸೂದೆ ಸಂಸತ್ತಿನಲ್ಲಿತ್ತು. ಆಗ ಭಾರತದ ಏಜೆನ್ಸಿಯೊಂದು ಫೋರ್ಡ್ ಫಿಗೋ ಕಾರಿಗೆಂದು ಮಾಡಿದ ಚಿತ್ರಗಳು ಹೊರಬಂದವು. ಕಾರಿನ ಡಿಕ್ಕಿ ಎಷ್ಟು ದೊಡ್ಡದೆಂದು ಹೇಳಲು ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ತುರುಕಿದ ಹೆಂಗಸರನ್ನು ಅದರೊಳಗೆ ತುಂಬಿದ್ದರು. ಒಂದರಲ್ಲಿ ಮುಂದಿನ ಸೀಟಿನಲ್ಲಿ ಇಟಲಿಯ ಮಾಜಿ ಪ್ರಧಾನಿ ಬೆರ್ಲುಸ್ಕೋನಿ ನಗುತ್ತಿದ್ದ. ಇವು ಪ್ರಕಟವಾಗಬೇಕಿದ್ದ ಜಾಹೀರಾತುಗಳಲ್ಲ, ಕಂಪನಿ ಒಪ್ಪಿದ್ದೂ ಅಲ್ಲ ಎಂದರು. ಕಂಪನಿ, ಏಜೆನ್ಸಿ ಎರಡೂ ಕ್ಷಮೆ ಕೇಳಿದವು. ಯಾವ ಗಿರಾಕಿಯ ಒತ್ತಾಯವೂ ಇಲ್ಲದೆ, ತಮ್ಮ ಜಾಣತನ ತೋರಿಸಲೆಂದೇ ಬಿಡಿಸಿದ ಚಿತ್ರ ಅದು. ಮಾರಾಟದ ನೆಪವೂ ಇಲ್ಲದಾಗ ಜಾಣರಿಗೆ ಹೊಳೆದ ತಮಾಷೆ ಇದು ಎಂಬುದು ನನ್ನನ್ನು ಇನ್ನಷ್ಟು ಹೆದರಿಸಿತು.

2022ರ ಜೂನ್ ತಿಂಗಳಲ್ಲಿ ಲೇಯರ್ ಶಾಟ್ ಎಂಬ ಸುಗಂಧದ್ರವ್ಯದ ಜಾಹೀರಾತು ಕ್ರಿಕೆಟ್ ಪ್ರಸಾರದ ನಡುವೆ ಬಂತು. ಅಂಗಡಿಯಲ್ಲಿ ಒಬ್ಬಳು ಹುಡುಗಿ, ಅವಳ ಹಿಂದೆ ನಾಲ್ವರು ಗಂಡಸರು. ನಾವು ನಾಲ್ವರು, ಇರುವುದು ಒಂದೇ, ಯಾರ ಸರದಿ ಎಂಬಂಥ ಮಾತು. ಹುಡುಗಿ ಹೆದರಿ ತಿರುಗುತ್ತಾಳೆ. ಅವರು ಆಡಿದ್ದು ಕಪಾಟಿನಲ್ಲಿ ಉಳಿದ ಒಂದೇ ಬಾಟಲಿಯ ಬಗ್ಗೆಯಂತೆ. ಅವಳ ಹೆದರಿಕೆಯೇ ಇಲ್ಲಿ ಜೋಕು. ನೋಡುತ್ತಿರುವ ಹೆಂಗಸರಿಗೆಲ್ಲ ಆ ಹೆದರಿಕೆಯ ಪರಿಚಯ ಇದೆಯೆಂದು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು, ಇಲ್ಲದಿದ್ದರೆ ಜೋಕು ಮೂಡುತ್ತಲೇ ಇರಲಿಲ್ಲ. ನನ್ನ ಕಾಲದ ಹೆಂಡತಿಗೆ ಪೆದ್ದುಪೆದ್ದಾದರೂ ಒಂದು ಮಾತಿತ್ತು. ಈ ಹುಡುಗಿಗೆ ಅದೂ ಇಲ್ಲ. ಈ ಸಲ ದೂರು ಬೇಗ ಮುಟ್ಟಿತು. ಜಾಹೀರಾತು ಮಾನದಂಡ ಮಂಡಳಿ ಅದನ್ನು ವಿಚಾರಣೆಗೆ ಮೊದಲೇ ತಡೆಹಿಡಿಯಿತು, ಸಚಿವಾಲಯ ಯೂಟ್ಯೂಬ್, ಟ್ವಿಟರ್‌ಗಳಿಂದ ತೆಗೆಸಿತು. ಅದೇ ವಾರ ಮಂಡಳಿ ಲಿಂಗಭೇದದ ಅಚ್ಚುಗಳ ಬಗ್ಗೆ ಹೊಸ ಮಾರ್ಗಸೂಚಿಯನ್ನೂ ಹೊರಡಿಸಿತು. ಮುಲಾಮಿನ ಹಾಳೆ ಕೈಗೆ ಬಂದ ದಿನ ನನ್ನ ಚೀಲದಲ್ಲಿ ಆ ಮಾರ್ಗಸೂಚಿ ಇದ್ದಿದ್ದರೆ ಎಷ್ಟು ಧೈರ್ಯ ಬರುತ್ತಿತ್ತೋ!

ಬೇರೆ ಥರ ಬರೆಯಲು ಸಾಧ್ಯವಿಲ್ಲವೆಂದು ಯಾರೂ ಹೇಳಬಾರದು. ದೂರದರ್ಶನ ನೋಡಿ ಬೆಳೆದವರಿಗೆ ಸರ್ಫ್ ಪುಡಿಯ ಲಲಿತಾಜಿ ನೆನಪಿರುತ್ತಾಳೆ. ಅಲೀಕ್ ಪದಮ್‌ಸೀ ಮತ್ತು ಅವರ ಬಳಗ ಅಗ್ಗದ ನಿರ್ಮಾಕ್ಕೆ ಉತ್ತರವಾಗಿ ಅವಳನ್ನು ಸೃಷ್ಟಿಸಿದರು. ಕಾಣದ ಗಂಡಸಿನ ದನಿಯೊಂದು ಅವಳನ್ನು ಪ್ರಶ್ನಿಸುತ್ತದೆ, ಅವಳು ಚೌಕಾಸಿ ಮಾಡುತ್ತಲೇ ಕ್ಯಾಮೆರಾ ನೋಡಿ ಉತ್ತರಿಸುತ್ತಾಳೆ. ಲೆಕ್ಕ ಅವಳದು, ಗತ್ತು ಅವಳದು, ಕೊನೆಯ ಮಾತೂ ಅವಳದು. ಜನ ನಕ್ಕರು, ಪುಡಿಯನ್ನೂ ಕೊಂಡರು. ಆ ಪಾತ್ರ ಮಾಡಿದ ಕವಿತಾ ಚೌಧರಿ ಮುಂದೆ, ಪೊಲೀಸ್ ಅಧಿಕಾರಿಯಾಗಿದ್ದ ತಮ್ಮ ಅಕ್ಕನ ಬದುಕಿನಿಂದ ಎಳೆ ತೆಗೆದು, ‘ಉಡಾನ್’ ಧಾರಾವಾಹಿ ಮಾಡಿದರು. ಡಬ್ಬಿಂಗ್‌ಗೆ ಹೋಗುವ ಬಹಳ ಮೊದಲೇ ನಾನು ಕನ್ನಡಿಯ ಮುಂದೆ ಲಲಿತಾಜಿಯ ದನಿ ಅನುಕರಿಸುತ್ತಿದ್ದೆ. ಅಂಥ ಒಂದು ಪಾತ್ರ ನನ್ನ ಪಾಲಿಗೆ ಬರಲಿಲ್ಲವೆಂಬ ಸಂಕಟ ಇದೆ.

ಈಗ ಸ್ಟುಡಿಯೊಗೆ ಹೋಗುವುದು ಕಡಿಮೆ. ವಾರದ ಕೊನೆಗೆ ಮನೆಯಲ್ಲೇ ಹುಡುಗ ಹುಡುಗಿಯರಿಗೆ ದನಿ ತಿದ್ದುವುದನ್ನು ಹೇಳಿಕೊಡುತ್ತೇನೆ. ಅವರಿಗೆ ಹಾಳೆ ಬರುವುದು ವಾಟ್ಸ್ಆ್ಯಪಿನಲ್ಲಿ. ಮಾತಾಡುವ ಮುನ್ನ ಕೊನೆಯ ಸಾಲು ಯಾರದೆಂದು ನೋಡಿ ಎಂದು ಅವರಿಗೆ ಹೇಳಿದ್ದೇನೆ. ಹೋದ ವರ್ಷ ಒಬ್ಬ ಹುಡುಗಿ ಟೈಲ್ಸ್ ಅಂಗಡಿಯ ಜಾಹೀರಾತಿನಲ್ಲಿ ಕಂಪನಿಯವರೊಂದಿಗೆ ವಾದಿಸಿ ಆ ಸಾಲನ್ನು ಹೆಂಡತಿಗೆ ಕೊಡಿಸಿದಳು. ಜಾಹೀರಾತು ಗೆದ್ದಿತು, ಅಂಗಡಿಯವರು ಇನ್ನೊಂದು ಬರೆಸಿದರು. ಅವಳು ಖುಷಿಯಿಂದ ಓಡಿಬಂದು ಹೊಸ ಹಾಳೆ ತೋರಿ, “ಅಕ್ಕಾ, ಇದ್ರಲ್ಲೂ ಕೊನೆ ಸಾಲು ನಂದೇ” ಅಂದಳು. ನಿಜ, ಹೆಂಡತಿ ಜಾಣೆಯಾಗಿದ್ದಳು. ಆದರೆ ಅದರಲ್ಲಿ ಕಿವಿ ಕೇಳದ, ಬುದ್ಧಿ ಮಂದವಾದ ಅತ್ತೆಯೊಬ್ಬಳು ಬಂದಿದ್ದಳು. ಅವಳಿಗೊಂದೂ ಸಾಲು ಇರಲಿಲ್ಲ. ಇಬ್ಬರೂ ಕೂತು ಆ ಅತ್ತೆಗೆ ಏನು ಹೇಳಿಸಬಹುದೆಂದು ಬರೆದೆವು. ಅದನ್ನು ಅವಳು ಅಂಗಡಿಯವರಿಗೆ ಕಳಿಸಿದ್ದಾಳೆ.